ಅಕ್ಕೋರ ಶರಬತ್ತು, ನನ್ನ ಮೂರು ಗಂಟಲು

ತಪ್ಪು ನನ್ನದೇ, ಮೊದಲೇ ಒಪ್ಪಿಬಿಡುತ್ತೇನೆ. ಅಕ್ಕೋರು ವರ್ಷಗಟ್ಟಲೆ ತಿರುಗಿ ಗಳಿಸಿದ್ದ ಹೆಸರನ್ನು ನಾನು ಒಂದೇ ಮಧ್ಯಾಹ್ನ, ಮಂಚದ ಮೇಲೆ ಬಿದ್ದುಕೊಂಡು, ಫೋನಿನಲ್ಲಿ ಕೆಡಿಸಿದ್ದೆ. ಕಳೆದ ವಾರ ಹೊನ್ನಾವರದ ಅಂಗಡಿಯಲ್ಲಿ ಯಾರೋ ಯಾವುದೋ ಕಂಪನಿಯ ಮುರುಗಲು ಶರಬತ್ತಿನ ಮುಚ್ಚಳ ತೆಗೆದರು. ಆ ಹುಳಿಸಿಹಿ ವಾಸನೆ ಮೂಗಿಗೆ ಬಡಿದದ್ದೇ, ಎಲ್ಲ ನೆನಪಾಯಿತು…

ಭಟ್ಕಳದಲ್ಲಿ ಅವರು ನಮ್ಮ ಪಕ್ಕದ ಮನೆಯವರು. ಅಂಗನವಾಡಿಯಲ್ಲಿ ಕಲಿಸಿ ನಿವೃತ್ತರಾಗಿದ್ದರು, ಹಾಗಾಗಿ ಊರಿಗೆಲ್ಲ ಅಕ್ಕೋರು. ಮುರುಗಲು ಹಣ್ಣಿನ ಸಿಪ್ಪೆಗೆ ಸಕ್ಕರೆ ಬೆರೆಸಿ, ಭರಣಿಯಲ್ಲಿ ಬಿಸಿಲಿಗಿಟ್ಟು ಶರಬತ್ತು ಮಾಡುತ್ತಿದ್ದರು. ಭಟ್ಕಳದಿಂದ ಕುಮಟೆಯವರೆಗೆ ಹದಿನಾಲ್ಕು ಅಂಗಡಿಗಳು ತರಿಸುತ್ತಿದ್ದವು. ತಿಂಗಳಿಗೊಮ್ಮೆ ಅವರು ಖಾಲಿ ಚೀಲ ಹಿಡಿದು ಬಸ್ಸು ಹತ್ತುತ್ತಿದ್ದರು. ಅಂದು ಮಾರಾಟವಿಲ್ಲ. ಪ್ರತಿ ಅಂಗಡಿಯಲ್ಲೂ ನಿಂತು, ಯಾರು ಏನು ದೂರಿದರು ಎಂದು ಕೇಳುವುದು. ನೊರೆ ಬಂದ ಬಾಟಲಿ ಇದ್ದರೆ ವಾಪಸು ತರುವುದು. ಸಿಹಿ ಜಾಸ್ತಿ ಎಂದು ಮುರ್ಡೇಶ್ವರದವರು ಬೈದರೆ ಬಹುಮಾನ ಬಂದವರಂತೆ ತಲೆಯಾಡಿಸುತ್ತಿದ್ದರು.

ನನಗೆ ಇದು ಎತ್ತಿನಗಾಡಿ ಪ್ರಚಾರ ಅನ್ನಿಸಿತು. ಡಿಗ್ರಿ ಮುಗಿಸಿ, ಊರವರ ದನಿ ಅಣಕಿಸುವುದೊಂದೇ ಉದ್ಯೋಗವಾಗಿದ್ದ ಕಾಲ. ಅಕ್ಕೋರ ವ್ಯಾಪಾರ ಒಮ್ಮೆಲೇ ಏರಿಸಿಬಿಡುತ್ತೇನೆಂದು ಅಂಗಡಿಗಳಿಗೆಲ್ಲ ಫೋನು ಮಾಡಿದೆ: ಒಂದಕ್ಕೆ ಕೆಮ್ಮುವ ಅಜ್ಜ, ಒಂದಕ್ಕೆ ಹೊಸ ಮದುಮಗಳು, ಇನ್ನೊಂದಕ್ಕೆ ಲಾಡ್ಜಿನ ಮ್ಯಾನೇಜರು, ಮತ್ತೆ ಮೊದಲಿಂದ ಅದೇ ಸರದಿ. ಅಕ್ಕೋರ ಶರಬತ್ತೇ ಬೇಕು, ಜಾಸ್ತಿ ತರಿಸಿಡಿ, ಬಂದು ಒಯ್ಯುತ್ತೇನೆ ಎಂದೆ. ಮದುಮಗಳ ದನಿಗೆ ನಾನೇ ಮರುಳಾಗುವಂತಿತ್ತು.

ಅಂಗಡಿಯವರು ನಂಬಿ ತರಿಸಿದರು. ಗಿರಾಕಿಗಳು ಬರಲಿಲ್ಲ, ಸೆಕೆಗೆ ಬಾಟಲಿಗಳಲ್ಲಿ ನೊರೆ ಬರತೊಡಗಿತು. ಮುಂದಿನ ತಿಂಗಳು ಹೊನ್ನಾವರದ ಅಂಗಡಿಯವರು, ಮೂರು ಸಲ ಕೆಮ್ಮಿ ಒಂದು ಮಾತಾಡುವ ಅಜ್ಜ ಬರಲೇ ಇಲ್ಲ, ಬದುಕಿದ್ದಾರೋ ಇಲ್ಲವೋ ಎಂದು ಅಕ್ಕೋರನ್ನೇ ವಿಚಾರಿಸಿದರಂತೆ. ಅಕ್ಕೋರಿಗೆ ಅದು ಯಾರೆಂದು ಆಗಲೇ ಗೊತ್ತಾಯಿತು; ನಾನು ಅಣಕಿಸುತ್ತಿದ್ದ ಆ ಕೆಮ್ಮಿಗೆ ಅವರು ತಮ್ಮ ಜಗಲಿಯಲ್ಲೇ ಎಷ್ಟು ಸಲ ನಕ್ಕಿದ್ದರು…

ಬೈಯುತ್ತಾರೆಂದು ಕಾದೆ. “ಹೆಸ್ರು ನಂದು, ಸುಳ್ಳು ನಿಂದು. ನಾಳೆ ಇಬ್ರೂ ಹೋಗುವ,” ಎಂದರು.

ಹದಿನಾಲ್ಕು ಅಂಗಡಿಯಲ್ಲೂ, ಫೋನಿನಲ್ಲಿ ಆಡಿದ ದನಿಯಲ್ಲೇ ತಪ್ಪೊಪ್ಪಿಕೊಳ್ಳಬೇಕಿತ್ತು. ಕುಮಟೆ ಪೇಟೆಯಲ್ಲಿ ಮೀಸೆ ಹೊತ್ತು, ಮದುಮಗಳಾಗಿ ಕ್ಷಮೆ ಕೇಳಿದವನು ನಾನೊಬ್ಬನೇ ಇರಬೇಕು. ಹಲವರು ನಕ್ಕರು. ಇಬ್ಬರು ಮಾತ್ರ ಇನ್ನು ನಿಮ್ಮ ಶರಬತ್ತೇ ಬೇಡ ಎಂದರು. ಅಕ್ಕೋರು “ಆತು” ಎಂದಷ್ಟೇ ಹೇಳಿ ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡರು. ಆದರೂ ಮುಂದಿನ ತಿಂಗಳು ಆ ಎರಡೂ ಅಂಗಡಿಗೆ ಹೋದರು, ಅದರ ಮುಂದಿನ ತಿಂಗಳೂ ಹೋದರು, ನನ್ನನ್ನೂ ಎಳೆದುಕೊಂಡು. ಮಳೆಗಾಲ ಕಳೆಯುವಷ್ಟರಲ್ಲಿ ಅವರೂ ಮತ್ತೆ ತರಿಸಿದರು. ಮಾತಾಡುವುದೊಂದೇ ಗೊತ್ತಿದ್ದ ನನಗೆ ಬಾಯಿ ಮುಚ್ಚಿ ಕೇಳಿಸಿಕೊಳ್ಳುವುದನ್ನು ಕಲಿಸಿದ್ದು ಆ ಬಸ್ಸಿನ ಓಡಾಟ. ಇಂದು ನಾಲ್ಕಾರು ಸಣ್ಣ ಹೋಟೆಲು, ಅಂಗಡಿಗಳ ಪ್ರಚಾರದ ಕೆಲಸ ನನ್ನದು. ಉಣ್ಣುವ ಅನ್ನ ಅವರು ಹಾಕಿದ್ದು.

ಅಕ್ಕೋರು ಹೋಗಿ ವರ್ಷವಾಯಿತು. ಈಗ ಅವರ ಸೊಸೆ ಶರಬತ್ತು ಮಾಡುತ್ತಾರೆ. ಹದ ಅದೇ, ಆದರೆ ಬಸ್ಸು ಹತ್ತುವವರಿಲ್ಲ… ಒಂದೊಂದೇ ಅಂಗಡಿ ಕೈಬಿಟ್ಟಿದೆ. ಕಳೆದ ವಾರ ಹೊನ್ನಾವರಕ್ಕೆ ಹೋದದ್ದು ಅದಕ್ಕೇ. ನಾನು ಮಾಡಿದ ಚಂದದ ವಿಡಿಯೊ ತೋರಿಸಿ, ಮತ್ತೆ ತರಿಸಿ ಎಂದು ಕೇಳಿಕೊಂಡೆ. ಅಂಗಡಿಯವರು ಪೂರ್ತಿ ನೋಡಿ ಫೋನು ವಾಪಸು ಕೊಟ್ಟರು.

“ಅಕ್ಕೋರು ಹನ್ನೆರಡು ವರ್ಷ ಬಂದು ನನ್ನ ಹತ್ರ ಬೈಸ್ಕಂಡ್ರು ಮಾರಾಯಾ. ನೀ ಒಂದ್ ವರ್ಷ ಬಾ, ಬೈಸ್ಕೊ. ಆಮೇಲೆ ನೋಡುವ.”