ನಾನು ಕೂಗದೆ ಬಿಟ್ಟ ಗಾಳಿ

ಖಾನಾಪುರದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ಜಗಳವಾಡುತ್ತಿದ್ದ ದಿನಗಳು ಅವು, ಎರಡು ಸಾವಿರದ ಇಸವಿಯ ಆಸುಪಾಸು. ಮೇ ರಜೆಯಲ್ಲಿ ಬೆಳಗಾವಿಯ ಮಹಾಂತೇಶ ನಗರದ ನಮ್ಮ ಮನೆಗೆ ಬಂದು ನನ್ನನ್ನು ತನ್ನೂರಿಗೆ ಕರೆದೊಯ್ಯುತ್ತಿದ್ದವನು ಕಾಕಾ, ಅಪ್ಪನ ತಮ್ಮ. ಮನೆಗಳಿಗೆ ತಗಡು ಹೊದಿಸುವುದು ಅವನ ಕೆಲಸ. ನನಗೆ ಹನ್ನೊಂದು ವರ್ಷ. ಊರಿನ ಚಿಂತೆಯೆಲ್ಲ ಆಗಲೇ ನನ್ನ ತಲೆಯ ಮೇಲೆ. ವಿಮಾನ ಕಂಡರೆ, ಅಷ್ಟು ಭಾರ ಯಾರ ಮನೆಯ ಮೇಲೆ ಬೀಳುತ್ತದೋ ಎಂದು ಊಟ ಬಿಡುತ್ತಿದ್ದೆ. ಅದಕ್ಕೇ ಕಾಕಾ ನನ್ನನ್ನು ಮುದಕಿ ಎನ್ನುತ್ತಿದ್ದ.

ಆ ವರ್ಷ ಬಸ್ಸಿನಲ್ಲಿ ಕಾಕಾ ನನ್ನ ಕೈಯನ್ನು ಕಿಟಕಿಯಾಚೆ ಹಿಡಿಸಿದ.

"ಅಂಗೈ ಚಪ್ಪಟಿ ಹಿಡಿ. ಈಗ ಮುಂದಿನ ಅಂಚು ಒಂಚೂರು ಎತ್ತು."

ಕೈ ತಾನಾಗಿಯೇ ಮೇಲೆದ್ದಿತು.

"ನೀ ಗಾಳೀನ ಕೆಳಗ ದಬ್ಬಾಕತ್ತಿ, ಅದು ನಿನ್ನ ಮ್ಯಾಲಕ್ಕ ದಬ್ಬತೈತಿ. ಇಮಾನದ ರೆಕ್ಕಿನೂ ಹಿಂಗ."

ಇನ್ನಷ್ಟು ಎತ್ತಿದೆ. ಕೈ ಗಡಗಡ ನಡುಗಿ ಹಿಂದಕ್ಕೆ ಬಿತ್ತು.

"ಆಸಿ ಹೆಚ್ಚಾತು, ಮುದಕಿ," ಎಂದು ನಕ್ಕ.

"ನಿನಗ ಇದನ್ನ ಯಾರು ಹೇಳಿದ್ರು ಕಾಕಾ?"

"ತಗಡು ಹೇಳೈತಿ. ಅದಕ್ಕೂ ಹಾರೂ ಚಟ."

ಮಳೆಗೆ ಮೊದಲು ಅವನು ತನ್ನದೇ ಅಡುಗೆಮನೆಗೆ ಹೊಸ ತಗಡು ಹಾಕತೊಡಗಿದ. ನನ್ನ ಕೆಲಸ ಒಂದೇ: ಹಿತ್ತಲಾಚೆ, ಜಾಂಬೋಟಿ ಊರಿನ ಕಡೆಗಿದ್ದ ಬಿದಿರು ಬಾಗಿದೊಡನೆ 'ಗಾಳಿ ಬಂತು' ಎಂದು ಕೂಗುವುದು. ಕೂಗಿದರೆ, ಮೇಲೆ ತೊಲೆಯ ಮೇಲೆ ನಿಂತ ಅವನು ಕೈಯಲ್ಲಿದ್ದ ತಗಡನ್ನು ಕೆಳಗಿಟ್ಟು ಅದರ ಮೇಲೇ ಕುಕ್ಕರಿಸುತ್ತಿದ್ದ. ಬೆಳಿಗ್ಗೆಯಿಂದ ಎಲೆ ಅಲುಗಿದರೂ ಕೂಗಿದ್ದೆ.

"ಸಾಕವಾ, ನಿನ್ನ ಉಸರಿಗೆ ನೀನ ಅಂಜತಿ," ಎಂದ ಮೇಲಿನಿಂದ. ಅಂಗಳದ ಒಲೆಯಲ್ಲಿ ಅವನ ಹೆಂಡತಿ, ನಮ್ಮ ಕಾಕು, ಹಲಸಿನಕಾಯಿ ಪಲ್ಯಕ್ಕೆ ಒಗ್ಗರಣೆ ಹಾಕಿದ್ದಳು.

ಬಿದಿರು ಬಾಗಿತು. ನಾನು ಕೂಗಲಿಲ್ಲ. ಅವನ ಕೈಯಲ್ಲಿದ್ದ ತಗಡಿನ ಅಂಚು, ಗಾಳಿಯ ಕಡೆಯದು, ಒಂಚೂರು ಮೇಲಿತ್ತು. ಏಳುತ್ತದೋ ಇಲ್ಲವೋ ನೋಡಬೇಕಿತ್ತು ನನಗೆ.

ಎದ್ದಿತು. ಹೊಸ ತಗಡೆಂದು ಕಾಕಾ ಕೈಬಿಡಲಿಲ್ಲ. ಅವನ ಪಾದಕ್ಕೂ ತೊಲೆಗೂ ನಡುವೆ ಒಂದು ಗೇಣು ಆಕಾಶ ಕಂಡಿತು. ಆಮೇಲೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದ.

ಸೊಂಟದ ಕೆಳಗೆ ಮತ್ತೆ ಜೀವ ಬರಲಿಲ್ಲ. ಬೆಳಗಾವಿಯ ಆಸ್ಪತ್ರೆಯಲ್ಲಿ ಒಮ್ಮೆ ಕೇಳಿದ, "ಬಿದರು ಕಾಣಲಿಲ್ಲೇನವಾ?"

"ಇಲ್ಲ ಕಾಕಾ."

"ಹಂಗಾದ್ರ ನಿಂದೇನ ತಪ್ಪಿಲ್ಲ ಬಿಡು."

ನೋಡಲು ಬಂದವರಿಗೆಲ್ಲ ಹಾಗೆಯೇ ಹೇಳಿದ. ಹಾಸಿಗೆಯಲ್ಲಿದ್ದಷ್ಟು ವರ್ಷವೂ ಹೇಳಿದ. ನಾನು ಪಕ್ಕದಲ್ಲೇ ಕೂತು ಕೇಳಿಸಿಕೊಂಡೆ.

ಆ ಬಿದಿರು ಈಗಿಲ್ಲ, ಕಾಕಾನೂ ಇಲ್ಲ. ವಿಮಾನದಲ್ಲಿ ಎಲ್ಲರೂ ಬೀಳುವುದಕ್ಕೆ ಹೆದರಿದರೆ, ನಾನು ನೆಲ ಬಿಡುವಾಗಲೇ ಕಣ್ಣು ಮುಚ್ಚುತ್ತೇನೆ. ಮನೆಯಲ್ಲಿ ಪರದೆ ಅಲುಗಿದರೂ ಬಾಯಿಗೆ ಬಂದುಬಿಡುತ್ತದೆ: ಗಾಳಿ ಬಂತು. ಮಕ್ಕಳು ನಗುತ್ತಾರೆ, ನಗಲಿ. ಅದನ್ನು ಕೇಳಿ ತಗಡು ಕೆಳಗಿಡಬೇಕಾದವನು ಇಲ್ಲ.