ಅಪ್ಪನ ಎದುರು ಮೊಣಕಾಲೂರುವುದು

ಅಪ್ಪ ಧಾರವಾಡದಿಂದ ನಮ್ಮ ಮನೆಗೆ ಬಂದ ಹೊಸತರಲ್ಲಿ, ಒಂದು ಬೆಳಿಗ್ಗೆ ಬಟ್ಟೆ ಒಗೆಯುವ ಮಷೀನು ಹುಡುಕುತ್ತ ಗ್ಯಾರೇಜಿಗೆ ಹೋಗಿ ನನ್ನ ಕವಚವನ್ನು ನೋಡಿಬಿಟ್ಟರು. ಕಟ್ಟಿಗೆಯ ಸ್ಟ್ಯಾಂಡಿನ ಮೇಲೆ ಎದೆಗವಚ, ಅದರ ಮೇಲೆ ಕಬ್ಬಿಣದ ಹೆಲ್ಮೆಟ್ಟು, ಪಕ್ಕದಲ್ಲಿ ಗೋಡೆಗೆ ಒರಗಿಸಿದ ಗುರಾಣಿ. ಮಬ್ಬು ಬೆಳಕಿನಲ್ಲಿ ಯಾರೋ ನಿಂತ ಹಾಗೆ ಕಾಣುತ್ತಿತ್ತು.

“ಯಾರದಿದು?” ಎಂದು ಕೇಳಿದರು.

“ನಂದ ಅಪ್ಪಾ.”

ಅವರು ಹೆಲ್ಮೆಟ್ಟಿನ ಸೀಳಿನೊಳಗೆ ಇಣುಕಿದರು. “ಒಳಗ ಉಸಿರಾಡಾಕ ಬರ್ತೈತೇನು?”

“ಬರ್ತೈತಿ. ಮೊದಮೊದಲ ಅಂಜಿಕಿ ಆಗ್ತಿತ್ತು. ಈಗ ರೂಢಿ ಆಗೈತಿ.”

ರೂಢಿ ಆಗಿದೆ ಎಂದದ್ದು ಪೂರ್ತಿ ನಿಜವಲ್ಲ. ನಾನು ಹುಟ್ಟು ಅಂಜುಬುರುಕಿ. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಫ್ರೀಜರಿನ ಬಾಗಿಲು ಹಾಕಿದ್ದೇನೆಯೇ ಎಂದು ಪಾರ್ಕಿಂಗಿನಿಂದ ವಾಪಸು ಹೋಗಿ ನೋಡಿ ಬರುವವಳು. ಕೆಲವು ವರ್ಷಗಳ ಹಿಂದೆ ಸಹೋದ್ಯೋಗಿಯೊಬ್ಬಳು ಒಂದು ಶನಿವಾರ ನನ್ನನ್ನು ಹೇವರ್ಡಿನ ಪಾರ್ಕಿಗೆ ಕರೆದೊಯ್ದಳು. ಮಧ್ಯಯುಗದ ಯುರೋಪನ್ನು ಓದಿ, ಆ ಕಾಲದ ಉಡುಪು ಹೊಲಿದು, ಕವಚ ತೊಟ್ಟು ಬೆತ್ತದ ಕತ್ತಿಗಳಲ್ಲಿ ಕಾದಾಡುವ ಜನರ ಸಂಘವದು. ಕತ್ತಿ ಬೆತ್ತದ್ದಾದರೂ ಏಟು ಏಟೇ. ತೊಡೆ, ತೋಳು ನೀಲಿಗಟ್ಟುತ್ತವೆ. ಆದರೆ ಹೆಲ್ಮೆಟ್ಟಿನೊಳಗೆ ನನಗಿದ್ದದ್ದು ಒಂದೇ ಹೆದರಿಕೆ, ಎದುರಿಗಿದ್ದವರ ಕತ್ತಿ. ಮಿಕ್ಕ ನೂರು ಹೆದರಿಕೆಗಳು ಹೊರಗೆ ಹುಲ್ಲಿನ ಮೇಲೆ ಕಾಯುತ್ತಿದ್ದವು. ಅದೇ ಸುಖಕ್ಕೆ ಮತ್ತೆ ಮತ್ತೆ ಹೋದೆ.

ಅಲ್ಲಿ ನನಗೆ ಕಲಿಸಿದವರು ಲಾಸ್ ಆಲ್ಟೋಸಿನಲ್ಲಿ ಹಲ್ಲಿನ ಡಾಕ್ಟರಾಗಿದ್ದು ನಿವೃತ್ತರಾದ ಹೆಂಗಸು. ತಲೆ ಪೂರ್ತಿ ಬೆಳ್ಳಗಾಗಿದ್ದರೂ ಕತ್ತಿ ಹಿಡಿದರೆ ಅರ್ಧ ವಯಸ್ಸಿನ ಗಂಡಸರೂ ಹಿಂದೆ ಸರಿಯುತ್ತಿದ್ದರು. ಸಂಘದ ಲೆಕ್ಕದಲ್ಲಿ ಅವರು ನೈಟ್, ಅಂದರೆ ಪಟ್ಟ ಪಡೆದ ಯೋಧೆ. ಅಪ್ಪ ಬಂದ ವರ್ಷದ ವಸಂತದಲ್ಲಿ ಅವರು ನನ್ನನ್ನು ಸ್ಕ್ವೈಯರ್ ಆಗಿ ತೆಗೆದುಕೊಳ್ಳುತ್ತೇನೆ ಎಂದರು. ಸ್ಕ್ವೈಯರ್ ಎಂದರೆ ನೈಟ್‌ನ ಶಿಷ್ಯ, ಬಂಟ, ಎರಡೂ. ನನಗೆ ಹಿಗ್ಗಾಯಿತು, ಹ್ಞೂಂ ಎಂದೆ. ದೀಕ್ಷೆಯ ವಿಧಿ ಹೇಗಿರುತ್ತದೆ ಎಂದು ಕೇಳಿದ್ದು ಆಮೇಲೆ. ಎಲ್ಲರೆದುರು ಮೊಣಕಾಲೂರಬೇಕು. ಜೋಡಿಸಿದ ಕೈಗಳನ್ನು ಅವರ ಎರಡು ಅಂಗೈಗಳ ನಡುವೆ ಇಡಬೇಕು. ನಿಷ್ಠೆಯ ಮಾತು ಕೊಡಬೇಕು. ಅವರು ನನ್ನ ಸೊಂಟಕ್ಕೆ ಕೆಂಪು ಪಟ್ಟಿ ಕಟ್ಟುತ್ತಾರೆ.

ಮನೆಗೆ ಬಂದು ಕ್ಯಾಲೆಂಡರು ನೋಡಿದೆ. ವಿಧಿಯ ದಿನ ಅಪ್ಪ ಇಲ್ಲೇ ಇರುತ್ತಿದ್ದರು.

ಅಪ್ಪನ ಅಪ್ಪ, ನನ್ನ ಅಜ್ಜ, ದೇಸಾಯರ ಹೊಲ ಉಳುತ್ತಿದ್ದವನು. ಸುಗ್ಗಿಯಲ್ಲಿ ಪಾಲು ಅಳೆದು ಕೊಡುವುದಲ್ಲದೆ, ಕರೆದಾಗಲೆಲ್ಲ ಅವರ ದೊಡ್ಡ ಮನೆಗೆ, ವಾಡೆಗೆ, ಹೋಗಿ ಬಿಟ್ಟಿ ದುಡಿಯಬೇಕಿತ್ತು. ವಾಡೆಯ ಮುಂದೆ ಹಾಯುವಾಗ ಚಪ್ಪಲಿ ಕೈಗೆ ಬರುತ್ತಿದ್ದವು, ತಲೆಯ ರುಮಾಲು ಕೆಳಗಿಳಿಯುತ್ತಿತ್ತು. ಉಳುವವನೇ ಒಡೆಯ ಎಂಬ ಕಾನೂನು ಬಂದ ಮೇಲೆ ಹೊಲ ಅಜ್ಜನದಾಯಿತು. ಅಪ್ಪ ಓದಿ ಹೈಸ್ಕೂಲಿನಲ್ಲಿ ಇತಿಹಾಸದ ಮಾಸ್ತರರಾದರು. ನಮ್ಮ ಮನೆಯಲ್ಲಿ ಯಾರೂ ಯಾರ ಕಾಲಿಗೂ ಬೀಳುತ್ತಿರಲಿಲ್ಲ. ಹಬ್ಬದ ದಿನ ದೊಡ್ಡಮ್ಮ ಬಂದಾಗ ನಾನು ಬಾಗಲು ಹೋದರೆ ಅಪ್ಪ ರೆಟ್ಟೆ ಹಿಡಿದು ನಿಲ್ಲಿಸುತ್ತಿದ್ದರು. “ಕೈ ಮುಗಿ ಸಾಕು. ನೆಟ್ಟಗ ನಿಂತು ಮುಗಿ.” ಮದುವೆಯಲ್ಲೂ ಹಾಗೇ ಆಯಿತು, ನನ್ನ ಅತ್ತೆ ಮನೆಯವರು ಇವತ್ತಿಗೂ ಅದನ್ನು ಮರೆತಿಲ್ಲ.

ಇಂಥ ಅಪ್ಪನೆದುರು ನಾನು ಬಯಸಿ, ಸಂತೋಷದಿಂದ, ಒಬ್ಬರ ಮುಂದೆ ಮೊಣಕಾಲೂರುವವಳಿದ್ದೆ.

ಗಂಡನಿಗೆ ಹೇಳಿಕೊಂಡೆ. ಅವರು ಬೆಂಗಳೂರಿನವರು, ಯಾವುದನ್ನೂ ದೊಡ್ಡದು ಮಾಡುವವರಲ್ಲ. “ಡೀಟೇಲ್ಸು ಹೇಳೋಕೇ ಹೋಗಬೇಡ. ಪಾರ್ಕಿಗೆ ಪಿಕ್ನಿಕ್ಕು ಅಂತ ಕರ್ಕೊಂಡು ಹೋಗೋಣ. ಎಲ್ಲಾ ಡ್ರೆಸ್ ಹಾಕ್ಕೊಂಡು ನಾಟಕ ಮಾಡ್ತಾರೆ ಅಂದ್ಕೋತಾರೆ.”

“ಅಪ್ಪ ಇದೇ ಪಾಠ ಜೀವಮಾನ ಇಡೀ ಮಾಡಿದಾರೆ. ನೋಡಿದ ಕೂಡ್ಲೇ ಗೊತ್ತಾಗತ್ತೆ.”

“ಹಾಗಾದ್ರೆ ಮನೇಲೇ ಬಿಟ್ಟು ಹೋಗೋಣ.”

ಅದೂ ಆಗದ ಮಾತು. ಅಪ್ಪ ಅಷ್ಟರಲ್ಲಿ ಹೆಲ್ಮೆಟ್ಟಿನ ಒಳಗಿನ ಪಟ್ಟಿಯನ್ನು ಬಿಚ್ಚಿ ಒಗೆದು ಬಿಸಿಲಿಗೆ ಹಾಕಿದ್ದರು, “ನಿನ್ನ ಕುಸ್ತಿ ಯಾವತ್ತೈತಿ?” ಎಂದು ಎರಡು ಸಲ ಕೇಳಿದ್ದರು. ಹೇಳಬೇಕೆಂದು ನಾನು ದಿನಾ ಸಂಜೆ ಬಾಯಿ ತೆರೆಯುತ್ತಿದ್ದೆ, ಗ್ರೋಸರಿಯ ಮಾತಾಡಿ ಮುಚ್ಚುತ್ತಿದ್ದೆ. ಲ್ಯಾಬಿನಲ್ಲಿ ಒಂದು ದಿನ ಬೇರೆಯವರ ಸ್ಯಾಂಪಲ್ಲಿಗೆ ನನ್ನ ಲೇಬಲ್ಲು ಅಂಟಿಸಿ, ಮತ್ತೆ ಕಿತ್ತು, ಉಳಿದ ಲೇಬಲ್ಲುಗಳನ್ನೆಲ್ಲ ಮೂರು ಸಲ ಓದಿದೆ.

ಕೊನೆಗೆ ಹೇಳಿದ್ದು ವಿಧಿಯ ಹಿಂದಿನ ದಿನ ಊಟಕ್ಕೆ ಕೂತಾಗ. ಮೊಣಕಾಲೂರುವುದನ್ನೂ ಕೈ ಇಡುವುದನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

“ಕೈ ಹೆಂಗ ಇಡ್ತಿ? ತೋರಸು.”

ನಾನು ಕೈ ಜೋಡಿಸಿ ಮುಂದೆ ಚಾಚಿದೆ. ಅವರು ನೋಡಿದರು, ಮುಟ್ಟಲಿಲ್ಲ.

“ಹತ್ತನೇ ಕ್ಲಾಸಿನವ್ರಿಗೆ ಊಳಿಗಮಾನ್ಯ ಪದ್ಧತಿ ಅಂತ ಇದನ್ನ ಕಲಿಸ್ತಿದ್ದೆ. ಬೋರ್ಡ್ ಮ್ಯಾಲ ಗೋಪುರ ಬರೀತಿದ್ದೆ. ತುದಿಗೆ ರಾಜ, ಅವನ ಕೆಳಗ ಸರದಾರ, ಅವನ ಕೆಳಗ ನೈಟ್, ಎಲ್ಲಾರಕಿಂತ ಬುಡಕ್ಕ ಒಕ್ಕಲಿಗ.” ಮತ್ತೆ ರೊಟ್ಟಿ ಮುರಿದು, “ನಾಳಿ ಎಷ್ಟೊತ್ತಿಗೆ ಹೊರಡೋದು?” ಎಂದರು.

ಸಿಟ್ಟೋ ಬೇಸರವೋ ತಿಳಿಯಲಿಲ್ಲ. ತಿಳಿದಿದ್ದರೆ ಒಂದಿಷ್ಟು ಹಗುರಾಗುತ್ತಿದ್ದೆನೇನೋ.

ಶನಿವಾರ ಪಾರ್ಕಿನಲ್ಲಿ ಕೊಲ್ಲಿಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಅಪ್ಪನನ್ನು ಮಡಚುವ ಕುರ್ಚಿಯಲ್ಲಿ ಕೂರಿಸಿದೆವು. ಮಫ್ಲರು ಸುತ್ತಿಕೊಂಡು, ಪರೀಕ್ಷೆಯ ಕೋಣೆಯಲ್ಲಿ ಮೇಲ್ವಿಚಾರಣೆಗೆ ಕೂತವರಂತೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತರು. ಮೊದಲು ಕಾಳಗಗಳಿದ್ದವು. ನನ್ನ ಗಮನವೆಲ್ಲ ಆ ಕುರ್ಚಿಯ ಮೇಲೆ, ಹೀಗಾಗಿ ಎರಡರಲ್ಲೂ ಬೇಗ ಸೋತೆ. ಎರಡನೆಯದರಲ್ಲಿ ಹೆಲ್ಮೆಟ್ಟಿಗೆ ಬಿದ್ದ ಏಟಿಗೆ ಕಿವಿ ಗುಂಯ್‌ಗುಟ್ಟಿತು.

ಹೆಲ್ಮೆಟ್ಟು ತೆಗೆದು ನೋಡಿದರೆ ನನ್ನ ಗುರು ಅಪ್ಪನ ಪಕ್ಕದಲ್ಲಿ ಹುಲ್ಲಿನ ಮೇಲೆ ಕೂತು ಮಾತಾಡುತ್ತಿದ್ದರು. ಹತ್ತಿರ ಹೋದೆ. ಅಪ್ಪ ತಮ್ಮ ಮಾಸ್ತರಿಕೆಯ ಇಂಗ್ಲಿಷಿನಲ್ಲಿ, ಒಂದೊಂದೇ ಪದ ಇಟ್ಟು ಕೇಳುತ್ತಿದ್ದರು: “ಇವಳು ನಿಮಗೆ ನಿಷ್ಠೆ ಕೊಡುತ್ತಾಳೆ. ನೀವು ಇವಳಿಗೆ ಏನು ಕೊಡುತ್ತೀರಿ?”

ಗುರು ಈ ಪ್ರಶ್ನೆಯನ್ನು ಹಗುರಾಗಿ ತೆಗೆದುಕೊಳ್ಳಲಿಲ್ಲ. “ನನಗೆ ಗೊತ್ತಿರುವುದನ್ನೆಲ್ಲ ಕಲಿಸುತ್ತೇನೆ. ಇವಳ ಪರವಾಗಿ ನಿಲ್ಲುತ್ತೇನೆ. ಅನ್ಯಾಯವಾಗಿ ನಡೆದುಕೊಳ್ಳುವುದಿಲ್ಲ ಎಂದು ನಾನೂ ಎಲ್ಲರೆದುರು ಮಾತು ಕೊಡುತ್ತೇನೆ.”

“ನೀವು ಮಾತಿಗೆ ತಪ್ಪಿದರೆ?”

“ಇವಳು ಪಟ್ಟಿ ಬಿಚ್ಚಿ ಕೊಟ್ಟು ಹೋಗಬಹುದು. ಕಾರಣ ಹೇಳಬೇಕಾಗಿಲ್ಲ.”

ಅಪ್ಪ ತಲೆಯಾಡಿಸಿದರು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, “ನಮ್ಮಪ್ಪಗ ಹಂಗ ಬಿಚ್ಚಿ ಕೊಟ್ಟು ಬರಾಕ ಬರ್ತಿದ್ದಿಲ್ಲ” ಎಂದರು. ಏನೆಂದರು ಎಂದು ಗುರು ನನ್ನ ಮುಖ ನೋಡಿದರು. ಆಮೇಲೆ ಹೇಳುತ್ತೇನೆ ಎಂದೆ.

ಸ್ವಲ್ಪ ಹೊತ್ತಿಗೆ ನನ್ನನ್ನು ಕರೆದರು. ಬಣ್ಣಬಣ್ಣದ ಬಾವುಟಗಳ ಕೆಳಗೆ ಜನ ಅರ್ಧ ಚಂದ್ರದಂತೆ ನಿಂತಿದ್ದರು. ಗುರುವಿನ ಮುಂದಿದ್ದ ಚಿಕ್ಕ ದಿಂಬು ಮೊಣಕಾಲಿಗೆ ನೋವಾಗದಿರಲೆಂದು ಇಟ್ಟದ್ದು. ನಾನು ದಿಂಬಿನವರೆಗೆ ನಡೆದೆ, ನಿಂತೆ. ಬಾಗು ಎಂದು ಕಾಲಿಗೆ ಹೇಳಿದೆ. ಅಪ್ಪನ ಕುರ್ಚಿ ನನ್ನ ಬೆನ್ನ ಹಿಂದಿತ್ತು, ಆದರೂ ಅವರ ಕೈ ನನ್ನ ರೆಟ್ಟೆಯ ಮೇಲಿದ್ದ ಹಾಗೆ ಆಯಿತು. ಘೋಷಣೆ ಓದುತ್ತಿದ್ದ ಗಡ್ಡದ ಮನುಷ್ಯ ಕೆಮ್ಮಿದ. ಹಿಂದೆ ಯಾರೋ ಪಿಸುಗುಟ್ಟಿದರು. ಬೆವರು ಕುತ್ತಿಗೆಯಿಂದ ಎದೆಗವಚದೊಳಗೆ ಇಳಿಯುತ್ತಿತ್ತು.

“ನಾನು ನಿಂತೇ ಕೈ ಕೊಡಬಹುದಾ?” ಎಂದು ಕೇಳಿದೆ. ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣದಾಗಿತ್ತು.

ಗಡ್ಡದವನು ಬಗ್ಗಿ, ಇದು ಪದ್ಧತಿಯಲ್ಲ ಎಂದು ಗುರುವಿಗೆ ಹೇಳಿದ. ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ಮುಖದಲ್ಲಿ ನಗು ಇರಲಿಲ್ಲ. ನೋವಾಯಿತೇನೋ ಎಂದು ನನಗೆ ಇನ್ನೊಂದು ಹೆದರಿಕೆ ಹುಟ್ಟಿತು. ಆಮೇಲೆ ದಿಂಬನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ಅಂಗೈ ಚಾಚಿದರು. ನಾನು ನೆಟ್ಟಗೆ ನಿಂತು ಕೈ ಜೋಡಿಸಿ ಕೊಟ್ಟೆ. ಅವರ ಕೈಗಳು ಬೆಚ್ಚಗಿದ್ದವು, ನನ್ನವು ತಣ್ಣಗೆ ಕೊರೆಯುತ್ತಿದ್ದವು. ಮಾತು ಕೊಟ್ಟೆ, ಅವರೂ ಕೊಟ್ಟರು, ನನ್ನ ಸೊಂಟಕ್ಕೆ ಕೆಂಪು ಪಟ್ಟಿ ಕಟ್ಟಿದರು. ಚಪ್ಪಾಳೆ ಬಿತ್ತು, ಎಲ್ಲರದ್ದೂ ಅಲ್ಲ.

ಕಾರು ಹತ್ತಿ ಮನೆಗೆ ಹೊರಟೆವು. ಫ್ರೀವೇಗೆ ಸೇರಿದ ಮೇಲೆ ಅಪ್ಪ ಹಿಂದಿನ ಸೀಟಿನಿಂದ, “ಊರಬೇಕಿತ್ತು ನೀ” ಎಂದರು.

ನಾನು ತಿರುಗಿ ನೋಡಿದೆ. “ಏನಂದ್ರಿ?”

“ಮೊಣಕಾಲ. ನಿನಗ ಮನಸ್ಸಿತ್ತು, ಊರಬೇಕಿತ್ತು. ಆ ಹೆಣಮಗಳು ಛಲೋ ಮನಷ್ಯಾಳು.” ಕಿಟಕಿಯ ಹೊರಗೆ ಸಾಲಾಗಿ ಗೋದಾಮುಗಳು ಹಾಯುತ್ತಿದ್ದವು. “ನನಗ ಅಂಜಿ ನಿಂತಿ. ಯಾರಿಗರ ಅಂಜಿ ನಿಂತ್ರೂ ಬಾಗಿದಂಗ ಆಗ್ತೈತವಾ.”

ನನಗೆ ಸಿಟ್ಟು ಬಂತು. ಇಷ್ಟು ದಿನ ಅನ್ನ ಸೇರದಂತೆ ಮಾಡಿದ್ದು ಇವರೇ ಅಲ್ಲವೇ ಎನ್ನಿಸಿತು. “ಹಂಗಾರ ನಿನ್ನೆ ಊಟಕ್ಕ ಕುಂತಾಗ ಯಾಕ ಹೇಳಲಿಲ್ಲ?”

“ನಿನ್ನೆ ನನಗೂ ಗೊತ್ತಿದ್ದಿಲ್ಲ.”

ಗಂಡ ಕನ್ನಡಿಯಲ್ಲಿ ಒಮ್ಮೆ ಹಿಂದೆ ನೋಡಿ ರಸ್ತೆಗೆ ಕಣ್ಣು ತಿರುಗಿಸಿದರು. ಮನೆ ಸೇರಿದ ಮೇಲೆ ಅಪ್ಪ ಚಹಾ ಮಾಡಿದರು, ನನಗೆ ಸಕ್ಕರೆ ಜಾಸ್ತಿ ಹಾಕಿದ್ದರು. ನನ್ನ ಸಿಟ್ಟು ಇಳಿಯಲು ಎರಡು ದಿನ ಹಿಡಿಯಿತು.

ಇಳಿಯದೆ ಉಳಿದದ್ದು ಗುರುವಿನ ಮುಖದ ನೆನಪು. ಎಲ್ಲರೆದುರು ಅವರಿಗೆ ಅವಮಾನ ಮಾಡಿದೆನೇ? ಮೆಸೇಜು ಬರೆದೆ, ಅಳಿಸಿದೆ. ಮುಂದಿನ ಶನಿವಾರ ಹೋಗುವಾಗ, ಪಟ್ಟಿ ವಾಪಸು ಕೇಳಿದರೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಪಾರ್ಕಿನಲ್ಲಿ ಅವರು ಆಗಲೇ ಕವಚ ತೊಟ್ಟು ನಿಂತಿದ್ದರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದು, “ನಿನ್ನ ತಂದೆ ಅವತ್ತು ಹೇಳಿದ್ದೇನು? ಆಮೇಲೆ ಹೇಳುತ್ತೇನೆ ಅಂದಿದ್ದೆಯಲ್ಲ” ಎಂದರು.

ಹೇಳಿದೆ. ಅಜ್ಜನ ವಿಷಯ, ವಾಡೆಯ ವಿಷಯ, ಕೈಯಲ್ಲಿ ಹಿಡಿದ ಚಪ್ಪಲಿಗಳ ವಿಷಯ. ಅವರು ಮಧ್ಯೆ ಮಾತಾಡದೆ ಕೇಳಿದರು. ಮುಗಿದ ಮೇಲೆ, “ಮೊದಲೇ ಹೇಳಬಹುದಿತ್ತು. ಇಂಥದ್ದನ್ನು ನನಗೆ ಹೇಳಬಹುದು” ಎಂದರು. ಆ ಮಾತಿನಲ್ಲಿ ಸ್ವಲ್ಪ ನೋವಿತ್ತು, ಅದನ್ನು ಅವರು ಮುಚ್ಚಿಡಲೂ ಇಲ್ಲ.

ಆಮೇಲೆ ಹೆಲ್ಮೆಟ್ಟು ಹಾಕಿಕೊಂಡು ಎದುರು ಬಂದರು. ಮೊದಲ ಏಟನ್ನು ನಾನು ತಡೆದೆ. ಎರಡನೆಯದು ಭುಜಕ್ಕೆ ಬಿತ್ತು. “ಗುರಾಣಿ ಕೆಳಗಿಳಿಯುತ್ತಿದೆ” ಎಂದು ಕೂಗಿದರು. ನಾನು ಎತ್ತಿ ಹಿಡಿದೆ.