ನನಗ ನಡಿಯಂಗಿಲ್ರಿ

ವಾರದಿಂದ ಹೊಟ್ಟೆ ಮತ್ತೆ ಕೆಟ್ಟಿತ್ತು. ಇವತ್ತು ಬೆಳಿಗ್ಗೆ ಇಂಗಿನ ಡಬ್ಬಿ ತೆರೆದಾಗ ಘಾಟು ಮೂಗಿಗೆ ಬಡಿಯಿತು. ಯಾಕೋ ಅನುಮಾನ ಬಂದು ಕನ್ನಡಕ ಹಾಕಿಕೊಂಡು ಡಬ್ಬಿಯ ಹಿಂಬದಿ ಓದಿದೆ. ಇರುವೆಯಷ್ಟು ಅಕ್ಷರದಲ್ಲಿ ‘ಗೋಧಿ ಹಿಟ್ಟು’ ಎಂದಿತ್ತು. ಪೇಟೆಯಿಂದ ತಂದದ್ದನ್ನೆಲ್ಲ ಓದಿಯೇ ಒಳಗೆ ಬಿಡುವ ನಾನು ಇಂಗನ್ನು ಮಾತ್ರ ಎಂದೂ ಓದಿರಲಿಲ್ಲ. ಇಂಗಿನಲ್ಲಿ ಇಂಗಲ್ಲದೆ ಇನ್ನೇನಿದ್ದೀತು ಎಂಬ ಜಾಣತನ.

ನನಗಿರುವುದು ಸೀಲಿಯಾಕ್ ಎಂಬ ಕಾಯಿಲೆ. ಗೋಧಿಯಲ್ಲಿರುವ ಗ್ಲುಟೆನ್ ಚಿಟಿಕೆಯಷ್ಟು ಹೋದರೂ ಕರುಳು ಮುನಿಯುತ್ತದೆ. ಜೋಳದ ರೊಟ್ಟಿ ತಿನ್ನುವ ಸೀಮೆಯವಳಿಗೆ ಇದೇನು ಮಹಾ ಕಷ್ಟ ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಜೋಳ ಹಾಕುವ ಗಿರಣಿಯಲ್ಲಿ ಅದಕ್ಕೂ ಮೊದಲು ಗೋಧಿ ಬಿದ್ದಿರುತ್ತದೆ, ರೊಟ್ಟಿಯ ಹಂಚಿನ ಮೇಲೆ ನಿನ್ನೆ ಚಪಾತಿ ಬೆಂದಿರುತ್ತದೆ. ಗುಳಿಗೆ, ಟೂತ್‌ಪೇಸ್ಟು, ತುಟಿಗೆ ಹಚ್ಚುವ ಬಣ್ಣ, ಎಲ್ಲದರ ಮೇಲೂ ನನಗೆ ಪೊಲೀಸರ ಕಣ್ಣು. ಮದುವೆಗಳಲ್ಲಿ ಗೋಧಿ ಹುಗ್ಗಿಗೆ ಕೈ ಅಡ್ಡ ಹಿಡಿದು ಕಾರಣ ಹೇಳಿ ಹೇಳಿ ಸಾಕಾಗಿ, ಹೋಗುವುದನ್ನೇ ಬಿಟ್ಟೆ. ಒಬ್ಬಳೇ ಉಣ್ಣುವುದು ರೂಢಿಯಾಗಿದೆ ಎನ್ನುತ್ತೇನೆ. ಆಗಿಲ್ಲ.

ಇಂಗಿನ ಘಾಟಿಗೆ ನೆನಪಾದದ್ದು ಮಾಳಮ್ಮ. ಬಸವನ ಬಾಗೇವಾಡಿಯ ಸಾಲೆಯಲ್ಲಿ ನನ್ನ ಜೊತೆ ಟೀಚರಾಗಿದ್ದಳು, ದಿನಾ ಮನಗೂಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಅವಳ ಊಟದ ಡಬ್ಬಿಗೆ ಇಂಗಿನ ವಾಸನೆಯೇ ಇರುತ್ತಿರಲಿಲ್ಲ, ಬರೀ ಬೆಳ್ಳುಳ್ಳಿ. ಮಧ್ಯಾಹ್ನ ನಮ್ಮಲ್ಲೊಂದು ಪದ್ಧತಿ: ರೊಟ್ಟಿ ಮುರಿದು ಅರ್ಧ ಪಕ್ಕದವರ ಮುಚ್ಚಳಕ್ಕೆ ಹಾಕಿಯೇ ಊಟ ಶುರು. ಡಾಕ್ಟರು ನನ್ನ ಕಾಯಿಲೆಗೆ ಹೆಸರಿಟ್ಟ ವಾರವೇ ಅವಳು ಎಂದಿನಂತೆ ಅರ್ಧ ರೊಟ್ಟಿ ಚಾಚಿದಳು.

“ಬ್ಯಾಡ್ರಿ, ನನಗ ನಡಿಯಂಗಿಲ್ರಿ,” ಎಂದೆ.

ಅವಳ ಕೈ ಅಲ್ಲೇ ನಿಂತಿತು. ಆಗ ನಾನಾಡಿದ ಮಾತು ನನಗೇ ಕೇಳಿಸಿತು. ನಮ್ಮದು ಹೊಲ ಮನೆ ಇದ್ದ ಗೌಡರ ಮನೆತನ, ಅವಳದು ಕುರಿ ಕಾಯುವ ಮನೆತನ. ‘ಅವರ ಮನ್ಯಾಗ ನಮಗ ನಡಿಯಂಗಿಲ್ಲ’ ಎಂದು ನಮ್ಮ ಅಜ್ಜಿ ಅನ್ನುತ್ತಿದ್ದದ್ದು ಇದೇ ಮಾತಿನಲ್ಲಿ.

ಗಡಿಬಿಡಿಯಿಂದ ಸೇರಿಸಿದೆ, “ಹಂಗಲ್ರಿ, ಡಾಕ್ಟರು ಗ್ಲುಟೆನ್ ಬ್ಯಾಡ ಅಂದಾರ.”

“ಹಿಂದಿನವರು ಮಡಿ ಅಂತಿದ್ರು,” ಎಂದಳು ಮಾಳಮ್ಮ, ಡಬ್ಬಿ ಮುಚ್ಚುತ್ತ. “ನೀವು ಇಂಗ್ಲಿಷಿನ್ಯಾಗ ಅನ್ನಾಕತ್ತೀರಿ. ತಿಳೀತ್ರಿ.”

ಮರುದಿನದಿಂದ ಬೇರೆ ಮೂಲೆಯಲ್ಲಿ ಕೂತಳು. ಬಿಡಿಸಿ ಹೇಳಲು ಹೋದಷ್ಟೂ ನನ್ನ ಮಾತು ಸುಳ್ಳಿನಂತೆ ಕೇಳುತ್ತಿತ್ತು. ಆಮೇಲೆ ಅವಳಿಗೆ ಸಿಂದಗಿ ಕಡೆ ವರ್ಗವಾಯಿತು. ಆ ಸಾಲೆಯಲ್ಲಿ ನನಗಿದ್ದ ಗೆಳತಿ ಅವಳೊಬ್ಬಳೇ.

ಇವತ್ತು ಇಂಗಿನ ಡಬ್ಬಿಯನ್ನು ಕೈಯಲ್ಲಿ ಹಿಡಿದೇ ಮಾಳಮ್ಮನಿಗೆ ಫೋನು ಹಚ್ಚಿದೆ. ಎಂಥ ಪೆದ್ದಿಯೆಂದರೆ, ಕ್ಷೇಮ ಕೂಡ ಕೇಳಲಿಲ್ಲ.

“ನಿಮ್ಮ ಮನ್ಯಾಗ ಆಗ ಒಗ್ಗರಣಿಗೆ ಇಂಗು ಹಾಕ್ತಿದ್ರೇನ್ರಿ?”

“ಇಷ್ಟು ವರ್ಷದ ಮ್ಯಾಲ ಇದನ್ನ ಕೇಳಾಕ ಫೋನ್ ಮಾಡೀರೇನ್ರಿ?” ಎಂದಳು. “ಇಲ್ರಿ. ಬರೇ ಬಳ್ಳೊಳ್ಳಿ.”

ಇಂಗಿನೊಳಗೆ ಗೋಧಿ ಇರುವುದನ್ನೂ, ಗೋಧಿ ತಿಂದರೆ ನನ್ನ ಹೊಟ್ಟೆ ಪಡುವ ಪಾಡನ್ನೂ, ಅವತ್ತು ಹೆದರಿದ್ದು ಅದಕ್ಕೇ ಎಂಬುದನ್ನೂ ಈ ಸಲ ಅಜ್ಜಿಯ ಮಾತೂ ಇಂಗ್ಲಿಷೂ ಬೆರೆಸದೆ ಹೇಳಿದೆ.

“ನಮ್ಮವ್ವಗೂ ಗೋಧಿ ನಡೀತಿದ್ದಿಲ್ರಿ,” ಎಂದಳು. “ತಿಂದ್ರ ಹೊಟ್ಟಿ ಉಬ್ಬಿ ಒದ್ದಾಡತಿದ್ಲು. ಅದಕ್ಕ ಮನ್ಯಾಗ ಗೋಧಿನ ತರತಿದ್ದಿಲ್ಲ, ಜ್ವಾಳ ನಾವ ಬೀಸ್ಕೋತಿದ್ವಿ. ಸಾಯೂತನ ಮಂದಿ ಮನ್ಯಾಗ ಉಣ್ಣಲಿಲ್ಲ. ಮಂದಿ ಆಕಿಗೆ ಸೊಕ್ಕು ಅಂದ್ರು.” ಆಮೇಲೆ ಸೇರಿಸಿದಳು, “ನಾನೂ ನಿಮಗ ಅದನ್ನ ಅಂದೀನಿ.”

ಇಡೀ ಬಾಗೇವಾಡಿಯಲ್ಲಿ ನಾನು ಹೆದರದೆ ತಿನ್ನಬಹುದಾಗಿದ್ದ ರೊಟ್ಟಿ ಅದೊಂದೇ ಆಗಿತ್ತು. ನನಗೆ ಅಳು ಬಂತು, ಅತ್ತುಬಿಟ್ಟೆ.

ಇಂಗು ಚೆಲ್ಲಿ, ಇವತ್ತಿನ ಬೇಳೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿದೆ. ಅಡುಗೆಮನೆ ತುಂಬ ಮಾಳಮ್ಮನ ಡಬ್ಬಿಯ ವಾಸನೆ. ಉಣ್ಣಲು ಕೂತು ರೊಟ್ಟಿ ಮುರಿದೆ. ಹಳೆಯ ರೂಢಿ ಕೈಗೆ ಎಲ್ಲಿಂದ ನೆನಪಾಯಿತೋ, ಅರ್ಧ ರೊಟ್ಟಿ ಪಕ್ಕಕ್ಕೆ ಚಾಚಿ ಕೂತಿದ್ದೆ.